ಗೆಳೆಯನ ಅರ್ಜಿಯ ಪಕ್ಕ ಕೂರುವವರಿಗೆ

(ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಗ್ರಂಥಾಲಯದ ಸಂಜೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಾಯಿಲೆ ಬಿದ್ದವರಿಗೆ, ಅಂಗವೈಕಲ್ಯ ಇರುವವರಿಗೆ ಸರಕಾರದಿಂದ ಏನೇನು ಸಿಗುತ್ತದೆ ಎಂದು ಹೇಳಿ ಅಂತ ಗ್ರಂಥಾಲಯದವರು ಕೇಳಿದ್ದರು. ಯೋಜನೆಗಳ ಹೆಸರು ಪಂಚಾಯತು ಕಚೇರಿಯ ಗೋಡೆಯಲ್ಲಿದೆ, ಸರಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದವರ ಬಾಯಲ್ಲೂ ಇದೆ. ಅದನ್ನು ಓದಿ ಹೇಳಲು ನಾನು ಬೇಕಾಗಿಲ್ಲ. ಪಂಚಾಯತು ಕಚೇರಿಯಲ್ಲಿ ಗುಮಾಸ್ತನಾಗಿ ಅರ್ಜಿ ತೆಗೆದುಕೊಳ್ಳುವ ಮೇಜಿನ ಹಿಂದೆ ನನ್ನ ದುಡಿಮೆಯ ಆಯುಸ್ಸು ಕಳೆದಿದೆ. ನಿವೃತ್ತನಾದ ಮೇಲೆ ಅದೇ ಮೇಜಿನ ಈಚೆ, ನನ್ನ ಶಾಲಾ ಗೆಳೆಯನ ಜೊತೆ ನಿಂತೆ. ಎರಡೂ ಕಡೆಯಿಂದ ಕಂಡದ್ದನ್ನು ಸೇರಿಸಿ ಒಂದು ಮಾತು ಹೇಳುತ್ತೇನೆ. ಸಿಗಬೇಕಾದ ಹಣ ಸಿಗದೆ ಹೋಗುವುದು ಹೆಚ್ಚಾಗಿ ಎರಡು ಜಾಗದಲ್ಲಿ. ಕಾಯಿಲೆಯವರು ತಮ್ಮ ಕಷ್ಟವನ್ನು ಇದ್ದ ಹಾಗೆ ಕಾಗದಕ್ಕೆ ಇಳಿಸಲಾರದೆ ಹೋಗುತ್ತಾರೆ. ಒಮ್ಮೆ ಇಲ್ಲ ಅನ್ನಿಸಿಕೊಂಡ ಮೇಲೆ ಮತ್ತೆ ಕೇಳುವುದಿಲ್ಲ. ಈ ಎರಡು ಜಾಗಕ್ಕೂ ಪಕ್ಕದಲ್ಲಿ ಒಬ್ಬ ಸ್ನೇಹಿತ ಬೇಕು. ಕಾನೂನು ಅರೆದು ಕುಡಿದವನೇ ಆಗಬೇಕೆಂದಿಲ್ಲ. ಬರೆಯಬಲ್ಲ, ತಾರೀಕು ನೆನಪಿಡಬಲ್ಲ, ಮತ್ತೆ ಮತ್ತೆ ಬರಬಲ್ಲ ಒಬ್ಬರಿದ್ದರೆ ಸಾಕು.

ನನ್ನ ಗೆಳೆಯನಿಗೆ ಪಾರ್ಕಿನ್ಸನ್ ಕಾಯಿಲೆ. ಅವನ ಒಪ್ಪಿಗೆ ಕೇಳಿಯೇ ಇಲ್ಲಿ ಹೇಳುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾನೆ. ನಮ್ಮ ಊರಿನ ಎಷ್ಟೋ ಜನರ ಹಾಗೆ ಅವನೂ ಬೆಳಿಗ್ಗೆ ಗಡಿ ದಾಟಿ ಮಂಗಳೂರು ಕಡೆಯ ಕಾರ್ಖಾನೆಗೆ ಹೋಗಿ ಸಂಜೆ ಮರಳುತ್ತಿದ್ದವನು. ಐವತ್ತರ ಆಸುಪಾಸಿನಲ್ಲಿ ಬಲಗೈ ನಡುಗಲು ಶುರುವಾಯಿತು. ಆಮೇಲೆ ಅಂಗಿಯ ಗುಂಡಿ ಹಾಕುವುದು ನಿಧಾನವಾಯಿತು, ಅಕ್ಷರ ಇರುವೆ ಸಾಲಿನಷ್ಟು ಸಣ್ಣದಾಯಿತು, ಸ್ವರ ತಗ್ಗಿತು. ಮಿದುಳಿನ ಒಂದು ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುವುದರಿಂದ ಹೀಗಾಗುತ್ತದೆ. ನಡುಕವನ್ನು ಮಾತ್ರ ಜನ ಗಮನಿಸುತ್ತಾರೆ. ನಿಜವಾಗಿ ಬದುಕನ್ನು ಕಟ್ಟಿಹಾಕುವುದು ಬಿಗಿತ ಮತ್ತು ನಿಧಾನ. ಬಾಗಿಲ ಹೊಸ್ತಿಲ ಮುಂದೆ ಬಂದು ನಿಂತ ಕಾಲು ಮುಂದೆ ಹೋಗುವುದೇ ಇಲ್ಲ. ಮುಖದ ಸ್ನಾಯು ಬಿಗಿದು ಭಾವನೆ ತೋರುವುದಿಲ್ಲ, ನೋಡಿದವರಿಗೆ ಮನುಷ್ಯ ನೆಮ್ಮದಿಯಾಗಿದ್ದಾನೆ ಅನ್ನಿಸುತ್ತದೆ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಕೆಲಸದಲ್ಲಿರುವಾಗಿನ ವಿಷಯ. ಅವನಿಗೆ ಇಎಸ್‌ಐ, ಅಂದರೆ ಸಂಬಳದಿಂದ ವಂತಿಗೆ ಕಟ್ಟುವ ಕಾರ್ಮಿಕರ ವಿಮೆ, ಇತ್ತು. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ, ಅಂಗವಿಕಲ ನೌಕರರಾದರೆ 25,000ದವರೆಗೆ, ಇಎಸ್‌ಐ ಇದೆ. ಸಂಬಳದಿಂದ ನಮ್ಮ ಪಾಲು ಶೇಕಡಾ 0.75, ಮಾಲಕರ ಪಾಲು ಶೇಕಡಾ 3.25. ಔಷಧಿಗೆ ಮಾತ್ರ ಇರುವುದು ಎಂದು ತಿಳಿದವರೇ ಜಾಸ್ತಿ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ ಶೇಕಡಾ 70ರ ಲೆಕ್ಕದಲ್ಲಿ, ವರ್ಷಕ್ಕೆ 91 ದಿನದವರೆಗೆ ಹಣ ಕೊಡುತ್ತಾರೆ. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಏಪ್ರಿಲಿನಿಂದ ಸೆಪ್ಟೆಂಬರವರೆಗೆ ಕಟ್ಟಿದ್ದು ಮುಂದಿನ ಜನವರಿಯಿಂದ ಜೂನಿಗೆ, ಅಕ್ಟೋಬರಿನಿಂದ ಮಾರ್ಚಿನವರೆಗೆ ಕಟ್ಟಿದ್ದು ಜುಲೈಯಿಂದ ಡಿಸೆಂಬರಿಗೆ ಲೆಕ್ಕ. ಈ ತಿಂಗಳುಗಳ ಜೋಡಣೆ ಗೊತ್ತಿಲ್ಲದೆ "ನಿಮಗೆ ಅರ್ಹತೆ ಇಲ್ಲ" ಎಂದಾಗ ತಲೆಯಾಡಿಸಿ ಬರುವವರಿದ್ದಾರೆ. ವಂತಿಗೆಯ ವಿವರ ತೆಗೆಸಿ, ತಿಂಗಳು ತಿಂಗಳು ಎಣಿಸಿ ನೋಡಿ.

ಗೆಳೆಯನಿಗೆ 91 ದಿನ ಮುಗಿಯಿತು. ಇನ್ನೇನೂ ಇಲ್ಲ ಎಂದು ಹೇಳಿ ಕಳಿಸಿದರು. ಅವನು ನನ್ನ ಹತ್ತಿರ ಬಂದದ್ದು ಆಗ, ಅದೂ ಅರ್ಜಿಯ ವಿಷಯಕ್ಕಲ್ಲ, ಸಾಲ ಕೇಳಲು. ಅವನ ಚೀಟಿಗಳನ್ನೆಲ್ಲ ಹರಡಿ ನೋಡಿದೆ. ರಜೆಯ ಪ್ರಮಾಣಪತ್ರಗಳಲ್ಲಿ ಕಾಯಿಲೆಯ ಜಾಗದಲ್ಲಿ "ಕೈನಡುಕ, ನಿಶ್ಶಕ್ತಿ" ಎನ್ನುವ ಅರ್ಥದ ಮಾತಿತ್ತು. ನರರೋಗ ತಜ್ಞರ ಚೀಟಿಯಲ್ಲಿ ಮಾತ್ರ ಪಾರ್ಕಿನ್ಸನ್ ಎಂದು ಬರೆದಿತ್ತು, ಆ ಚೀಟಿಯನ್ನು ಅವನು ಮನೆಯ ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದ.

ಇದರಿಂದ ಏನಾಯಿತು ಎಂದರೆ, ಇಎಸ್‌ಐಯಲ್ಲಿ ದೀರ್ಘಕಾಲದ 34 ಕಾಯಿಲೆಗಳ ಒಂದು ಪಟ್ಟಿ ಇದೆ. ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯು, ಮೂತ್ರಪಿಂಡ ವೈಫಲ್ಯ, ಸ್ಕಿಜೋಫ್ರೇನಿಯಾ, ಹೀಗೆ. ಪಾರ್ಕಿನ್ಸನ್ ಅದರಲ್ಲಿದೆ. ಪಟ್ಟಿಯಲ್ಲಿರುವ ಕಾಯಿಲೆಯಾದರೆ ವಿಸ್ತೃತ ಕಾಯಿಲೆ ಸೌಲಭ್ಯ ಸಿಗುತ್ತದೆ. ಅದು ದಿನಗೂಲಿಯ ಶೇಕಡಾ 80, ಎರಡು ವರ್ಷದವರೆಗೂ ಮುಂದುವರಿಸಬಹುದು. ಎರಡು ವರ್ಷ ಸತತ ಕೆಲಸದಲ್ಲಿದ್ದು, ನಾಲ್ಕು ವಂತಿಗೆ ಅವಧಿಗಳಲ್ಲಿ ಒಟ್ಟು 156 ದಿನದ ವಂತಿಗೆ ಇರಬೇಕು. ಅವನದು ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಕೈನಡುಕ ಪಟ್ಟಿಯಲ್ಲಿಲ್ಲ, ಪಾರ್ಕಿನ್ಸನ್ ಇದೆ. ಹಣ ನಿಂತದ್ದು ಇಷ್ಟಕ್ಕೆ. ತಜ್ಞರ ಪತ್ರವನ್ನು ಸೇರಿಸಿ, ಕಾಯಿಲೆಯ ಸರಿಯಾದ ಹೆಸರನ್ನು ದಾಖಲೆಯಲ್ಲಿ ಬರೆಯಿಸಿ, ಹಿಂದಿನ ತಾರೀಕಿನಿಂದ ಪರಿಗಣಿಸಬೇಕೆಂದು ಲಿಖಿತವಾಗಿ ಕೇಳಿದೆವು. ಸಿಕ್ಕಿತು. ತಡವಾಗಿ ಸಿಕ್ಕಿತು.

ಇಲ್ಲಿ ಒಂದು ಎಚ್ಚರಿಕೆ. 2025ರ ನವೆಂಬರ್ 21ರಿಂದ 1948ರ ಇಎಸ್‌ಐ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹಳೆಯ ಪುಸ್ತಕ ನೋಡಿ ಕಲಮು ಸಂಖ್ಯೆ ಹಾಕಿ ಅರ್ಜಿ ಬರೆಯಬೇಡಿ. ಕಲಮು ಹಾಕದಿದ್ದರೂ ಅರ್ಜಿ ಅರ್ಜಿಯೇ. ಏನಾಯಿತು, ಏನು ಬೇಕು ಎಂದು ತಿಳಿಯುವ ಹಾಗೆ ಬರೆದರೆ ಆಯಿತು.

ಇನ್ನೊಂದು, ಯಾರೂ ಹೇಳದ ವಿಷಯ. ಪ್ರಾವಿಡೆಂಟ್ ಫಂಡಿನ ಜೊತೆ 1995ರ ನೌಕರರ ಪಿಂಚಣಿ ಯೋಜನೆ ಇದೆಯಲ್ಲ, ಅದರಲ್ಲಿ ಸಾಮಾನ್ಯ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಆದರೆ ಕೆಲಸದಲ್ಲಿರುವಾಗಲೇ ಶಾಶ್ವತವಾಗಿ, ಪೂರ್ಣವಾಗಿ ದುಡಿಯಲಾಗದ ಸ್ಥಿತಿ ಬಂದರೆ ಹತ್ತು ವರ್ಷದ ಲೆಕ್ಕ ಇಲ್ಲ. ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಬಹುದು. ವೈದ್ಯಕೀಯ ಪರೀಕ್ಷೆ ಇರುತ್ತದೆ. ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ, 2014ರಿಂದ ಅಷ್ಟೇ ಇದೆ, ಬಹಳ ಕಡಿಮೆ. ಆದರೂ ಕೆಲಸ ಬಿಟ್ಟ ಮೇಲೆ ಪಿ.ಎಫ್. ಹಣ ಪೂರ್ತಿ ತೆಗೆದು ಮುಗಿಸುವ ಮೊದಲು ಇದನ್ನು ವಿಚಾರಿಸಿ.

ಇನ್ನು ದೊಡ್ಡ ವಿಷಯಕ್ಕೆ ಬರುತ್ತೇನೆ. ಅಂಗವೈಕಲ್ಯ ಪ್ರಮಾಣಪತ್ರ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಮಾತ್ರ ಇತ್ತು, ಈಗ 21. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ತಲಸೇಮಿಯಾ, ಮಾನಸಿಕ ಕಾಯಿಲೆ ಎಲ್ಲವೂ ಸೇರಿವೆ. ಹೊರಗೆ ಕಾಣದ ಕಾಯಿಲೆಗಳೂ ಸೇರಿದವು ಎನ್ನುವುದು ಈ ಕಾಯ್ದೆಯ ದೊಡ್ಡತನ. ಆದರೆ ಹೆಚ್ಚಿನ ಸೌಲಭ್ಯಗಳಿಗೆ ಅಂಗವೈಕಲ್ಯದ ಅಳತೆ ಶೇಕಡಾ 40 ಇರಬೇಕು ಎಂಬ ಗೆರೆ ಇದೆ. ಗುರುತುಚೀಟಿ ಈಗ ಮೂರು ಬಣ್ಣದಲ್ಲಿ ಬರುತ್ತದೆ: 40ಕ್ಕಿಂತ ಕಡಿಮೆಯಾದರೆ ಬಿಳಿ, 40ರಿಂದ ಮೇಲೆ 80ಕ್ಕಿಂತ ಕೆಳಗೆ ಹಳದಿ, 80ರಿಂದ ಮೇಲೆ ನೀಲಿ. ಬಿಳಿ ಚೀಟಿ ಹಿಡಿದು ಬಂದವರಿಗೆ ಪಂಚಾಯತಿನ ಪೆನ್ಶನ್ ಇಲ್ಲ. ಮೂವತ್ತೈದಕ್ಕೂ ನಲವತ್ತಕ್ಕೂ ಇರುವ ಅಂತರ ಕಾಗದದಲ್ಲಿ ಐದು, ಮನೆಯಲ್ಲಿ ಅದು ತಿಂಗಳ ಅಕ್ಕಿ.

ಗೆಳೆಯನಿಗೆ ಮೊದಲ ಸಲ ಕೊಟ್ಟದ್ದು ನಲವತ್ತಕ್ಕಿಂತ ಕಡಿಮೆ. ಆ ದಿನ ಮೆಡಿಕಲ್ ಬೋರ್ಡಿನ, ಅಂದರೆ ಅಂಗವೈಕಲ್ಯ ಅಳೆಯುವ ಡಾಕ್ಟರುಗಳ ತಂಡದ, ಮುಂದೆ ನಡೆದದ್ದನ್ನು ಅವನು ನನಗೆ ಹೇಳಿದ. ಬೆಳಿಗ್ಗೆ ಬೇಗ ಎದ್ದು, ಹೊರಡಲು ಆಗಬೇಕಲ್ಲ ಎಂದು ಮಾತ್ರೆ ತೆಗೆದುಕೊಂಡು, ಒಗೆದ ಪಂಚೆ ಉಟ್ಟು ಹೋಗಿದ್ದ. ಸಾಲು ಬೇಗ ಕರಗಿತು. ಮಾತ್ರೆಯ ಪ್ರಭಾವ ಚೆನ್ನಾಗಿದ್ದ ಹೊತ್ತಿಗೇ ಒಳಗೆ ಕರೆದರು. ಡಾಕ್ಟರು ಮಲಯಾಳದಲ್ಲಿ "ಸುಖಮಾಣೋ?" ಎಂದು ಕೇಳಿದರು. ಇವನು "ಸುಖಂ" ಎಂದ. ನಡೆಯಿರಿ ಎಂದರು, ನಡೆದ. ಕೈ ಚಾಚಿ ಎಂದರು, ಚಾಚಿದ. ಮನೆಯಲ್ಲಿ ಏನಾದರೂ ತೊಂದರೆಯಾ ಎಂದು ಕೇಳಿದ್ದು ಅರ್ಧ ಅರ್ಥವಾಯಿತು, "ಅಂಥದ್ದೇನಿಲ್ಲ" ಎಂದ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ವ್ಯಾಪಾರಕ್ಕೆ ಬೇಕಾದಷ್ಟು ಮಲಯಾಳ. ನಮ್ಮಲ್ಲಿ ಹೆಚ್ಚಿನವರ ಸ್ಥಿತಿ ಇದೇ. ಬಿಗಿತ, ಮರಗಟ್ಟುವುದು, ರಾತ್ರಿ ಮಗ್ಗುಲು ತಿರುಗಲಾಗದಿರುವುದು, ಇವನ್ನೆಲ್ಲ ಪೇಟೆಯ ಮಲಯಾಳದಲ್ಲಿ ಹೇಳುವುದು ಹೇಗೆ?

ಅದೂ ಅಲ್ಲದೆ ನಮ್ಮ ಕಡೆ ಯಾರಾದರೂ ಹೇಗಿದ್ದೀರಿ ಎಂದರೆ ಅಡ್ಡಿಯಿಲ್ಲ ಎನ್ನುವುದು ಮರ್ಯಾದೆ. ಕಷ್ಟ ಹೇಳಿಕೊಂಡು ತಿರುಗಬಾರದು ಎಂದು ಬೆಳೆದವರು ನಾವು. ಹಿರಿಯರಿಗಂತೂ, ಡಾಕ್ಟರ ಮುಂದೆ ಸ್ನಾನಕ್ಕೆ ಹೆಂಡತಿ ನೀರು ಹೊಯ್ಯಬೇಕು ಎನ್ನುವುದಕ್ಕಿಂತ ಪೆನ್ಶನ್ ಬಿಡುವುದೇ ಹಗುರ. ಮೆಡಿಕಲ್ ಬೋರ್ಡಿನ ಡಾಕ್ಟರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರಿಗೆ ಸಿಗುವುದು ಕೆಲವೇ ನಿಮಿಷ. ಎದುರಿಗೆ ನೆಮ್ಮದಿಯ ಮುಖ, ಅಲುಗದ ಕೈ, ಸುಖಂ ಎಂಬ ಉತ್ತರ. ಕಂಡದ್ದನ್ನು ಬರೆದರು.

ಈ ಸುದ್ದಿ ಕೇಳಿ ಊರಿನಲ್ಲಿ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು: ಮುಂದಿನ ಸಲ ಮಾತ್ರೆ ಬಿಟ್ಟು ಹೋಗಲಿ, ಆಗ ಗೊತ್ತಾಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಮಾಡಿಸಬೇಡಿ. ಪಾರ್ಕಿನ್ಸನ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ಮರಗಟ್ಟಿ, ಜ್ವರ ಏರಿ, ಜೀವಕ್ಕೆ ಅಪಾಯ ಬರುವುದುಂಟು. ಮಾನಸಿಕ ಕಾಯಿಲೆಯ, ಅಪಸ್ಮಾರದ ಮಾತ್ರೆಗಳಿಗೂ ಇದೇ ಮಾತು. ಇಲ್ಲದ್ದನ್ನು ತೋರಿಸುವ ಅಗತ್ಯವೂ ಇಲ್ಲ. ಇರುವುದನ್ನು ಪೂರ್ತಿ ತೋರಿಸಿದರೆ ಸಾಕಾಗುತ್ತದೆ.

ಪೂರ್ತಿ ತೋರಿಸುವುದು ಹೇಗೆ? ನಾವು ಒಂದು ನೋಟು ಪುಸ್ತಕ ಇಟ್ಟೆವು. ಶಾಲಾ ಮಕ್ಕಳ ಇನ್ನೂರು ಪುಟದ ಪುಸ್ತಕ. ಎಡಗಡೆ ಹೊತ್ತು, ಬಲಗಡೆ ನಡೆದದ್ದು. ಮಾತ್ರೆ ಎಷ್ಟು ಹೊತ್ತಿಗೆ ತೆಗೆದುಕೊಂಡ, ಕೈಕಾಲು ಎಷ್ಟು ಹೊತ್ತಿಗೆ ಸಡಿಲವಾಯಿತು, ಎಷ್ಟು ಹೊತ್ತಿಗೆ ಮತ್ತೆ ಬಿಗಿಯಿತು. ಈ ಕಾಯಿಲೆ ಹಳೆಯದಾದ ಹಾಗೆ ಮಾತ್ರೆಯ ಪ್ರಭಾವ ಬೇಗ ಇಳಿಯುತ್ತದೆ, ಮುಂದಿನ ಮಾತ್ರೆಯವರೆಗೆ ಮನುಷ್ಯ ಇದ್ದಲ್ಲೇ ಸಿಕ್ಕಿಕೊಳ್ಳುತ್ತಾನೆ. ಅನ್ನದ ಜೊತೆ ಬೇಳೆ, ಮೀನು ಜಾಸ್ತಿ ತಿಂದ ಹೊತ್ತಿಗೆ ಮಾತ್ರೆ ತೆಗೆದುಕೊಂಡರೆ ಹೀರಿಕೆ ಕಡಿಮೆ, ಆ ಮಧ್ಯಾಹ್ನ ಇನ್ನೂ ಕಷ್ಟ. ಇದೆಲ್ಲ ಹೆಂಡತಿಗೆ ಗೊತ್ತಿತ್ತು, ಆದರೆ ಅವರನ್ನು ಯಾರೂ ಕೇಳಿರಲಿಲ್ಲ. ಬರೆದದ್ದು ಹೆಚ್ಚಾಗಿ ಅವರೇ. ಕನ್ನಡದಲ್ಲಿ, ಚಿಕ್ಕ ಚಿಕ್ಕ ವಾಕ್ಯ. "ಹೊಸ್ತಿಲಲ್ಲಿ ನಿಂತರು, ನಾನು ಕಾಲಿನ ಮುಂದೆ ಕೋಲು ಇಟ್ಟ ಮೇಲೆ ದಾಟಿದರು." "ಕಾಫಿ ಚೆಲ್ಲಿತು, ಅರ್ಧ ಲೋಟ ಕೊಟ್ಟೆ." "ರಾತ್ರಿ ಎಬ್ಬಿಸಿದರು, ಮಗ್ಗುಲು ತಿರುಗಿಸಲು."

ಈ ತರಹದ ವಾಕ್ಯಕ್ಕೆ ಇರುವ ಬಲ "ತುಂಬಾ ಕಷ್ಟದಲ್ಲಿದ್ದೇನೆ, ದಯಮಾಡಿ ಸಹಾಯ ಮಾಡಬೇಕು" ಎಂಬ ವಾಕ್ಯಕ್ಕೆ ಇಲ್ಲ. ಮೇಜಿನ ಹಿಂದೆ ಕೂತು ಸಾವಿರಾರು ಅರ್ಜಿ ಓದಿದವನಾಗಿ ಹೇಳುತ್ತಿದ್ದೇನೆ. ಕಷ್ಟದಲ್ಲಿದ್ದೇನೆ ಎಂದು ಎಲ್ಲರೂ ಬರೆಯುತ್ತಾರೆ, ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಅರ್ಧ ಲೋಟ ಕಾಫಿಯ ಹತ್ತಿರ ನಿಲ್ಲುತ್ತದೆ. ಯಾವ ಕೆಲಸ ಆಗುವುದಿಲ್ಲ, ದಿನದಲ್ಲಿ ಎಷ್ಟು ಹೊತ್ತು ಆಗುವುದಿಲ್ಲ, ಯಾರು ಮಾಡಿಕೊಡುತ್ತಾರೆ, ಈ ಮೂರನ್ನು ಬರೆಯಿರಿ. ಒಳ್ಳೆಯ ಹೊತ್ತನ್ನೂ ಬರೆಯಿರಿ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಚೆನ್ನಾಗಿ ನಡೆಯುತ್ತಾನೆ ಎಂದು ನೀವೇ ಬರೆದಿದ್ದರೆ, ಹತ್ತು ಗಂಟೆಗೆ ಡಾಕ್ಟರು ಅವನು ನಡೆಯುವುದನ್ನು ಕಂಡರೂ ನಿಮ್ಮ ಮಾತು ಸುಳ್ಳಾಗುವುದಿಲ್ಲ.

ಆ ಪುಸ್ತಕವನ್ನು ಬೋರ್ಡಿನ ಮುಂದೆ ಇಟ್ಟರೆ ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ಮೊದಲು ಅದನ್ನು ಚಿಕಿತ್ಸೆ ಮಾಡುವ ನರರೋಗ ತಜ್ಞರಿಗೆ ತೋರಿಸಬೇಕು. ನಾವು ಹಾಗೆ ಮಾಡಿದೆವು, ಮೊಬೈಲಿನಲ್ಲಿ ತೆಗೆದ ಎರಡು ವಿಡಿಯೋ ಕೂಡ ತೋರಿಸಿದೆವು, ಒಂದು ಮಾತ್ರೆ ಹಿಡಿದಾಗಿನದ್ದು, ಒಂದು ಇಳಿದಾಗಿನದ್ದು. ಅವರು ಅದನ್ನು ನೋಡಿ, ದಿನದಲ್ಲಿ ಚಲನೆಯ ಏರಿಳಿತ ಇದೆ, ಇಂತಿಂಥ ಕೆಲಸಕ್ಕೆ ಇನ್ನೊಬ್ಬರ ಸಹಾಯ ಬೇಕು ಎಂದು ಪತ್ರ ಬರೆದುಕೊಟ್ಟರು. ಕಾಯಿಲೆಯ ಹೆಸರು ಮಾತ್ರ ಇರುವ ಪತ್ರಕ್ಕೂ ಇಂಥ ಪತ್ರಕ್ಕೂ ಅಜಗಜಾಂತರ. ಡಾಕ್ಟರ ಹತ್ತಿರ ಸರ್ಟಿಫಿಕೇಟ್ ಕೊಡಿ ಎಂದು ಕೇಳಬೇಡಿ. ಇವನಿಂದ ಏನು ಮಾಡಲಾಗುವುದಿಲ್ಲ ಎಂದು ಬರೆದುಕೊಡಿ ಎಂದು ಕೇಳಿ.

ನಮ್ಮಲ್ಲಿ ಹೆಚ್ಚಿನವರ ತಜ್ಞರು ಮಂಗಳೂರಿನಲ್ಲಿ. 2020ರ ಮಾರ್ಚಿನಲ್ಲಿ ಕೊರೋನಾ ಬಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಆ ಅವಲಂಬನೆ ಎಷ್ಟು ಆಳ ಎಂದು ಇಡೀ ದೇಶಕ್ಕೇ ಗೊತ್ತಾಯಿತು. ಮಂಗಳೂರಿನ ಚೀಟಿ ಇಲ್ಲಿ ನಡೆಯುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಪ್ರಮಾಣಪತ್ರಕ್ಕೆ ಅರ್ಜಿಯನ್ನು ವಾಸವಿರುವ ಜಿಲ್ಲೆಯ ಪ್ರಾಧಿಕಾರಕ್ಕೆ ಹಾಕಬಹುದು, ಚಿಕಿತ್ಸೆ ಪಡೆಯುವ ಸರಕಾರಿ ಆಸ್ಪತ್ರೆಯ ಪ್ರಾಧಿಕಾರಕ್ಕೂ ಹಾಕಬಹುದು ಎಂದು ಕೇಂದ್ರದ ನಿಯಮದಲ್ಲಿದೆ. ಒಮ್ಮೆ ಕೊಟ್ಟ ಪ್ರಮಾಣಪತ್ರ ದೇಶದಾದ್ಯಂತ ಮಾನ್ಯ, ಇದು ಕಾಯ್ದೆಯ 58ನೆಯ ಕಲಮಿನಲ್ಲಿದೆ. ಖಾಸಗಿ ಆಸ್ಪತ್ರೆಯ ಚೀಟಿ ಪ್ರಮಾಣಪತ್ರ ಆಗಲಾರದು, ಆದರೆ ದಾಖಲೆಯಾಗಿ ಲಗತ್ತಿಸಲು ಅಡ್ಡಿ ಇಲ್ಲ.

ಮಾನಸಿಕ ಕಾಯಿಲೆ ಇರುವವರ ವಿಷಯ ಬಿಟ್ಟು ಹೋಗಬಾರದು. ಅವರ ಅಳತೆಗೆ ಐಡಿಯಾಸ್ ಎಂಬ ಮಾಪಕ ಬಳಸುತ್ತಾರೆ, ಭಾರತೀಯ ಮನೋವೈದ್ಯರ ಸಂಘ ರೂಪಿಸಿದ್ದು. ಸ್ವಂತ ಆರೈಕೆ, ಜನರ ಜೊತೆಗಿನ ಒಡನಾಟ, ಮಾತು ಮತ್ತು ತಿಳುವಳಿಕೆ, ದುಡಿಮೆ, ಈ ನಾಲ್ಕಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಕಾಯಿಲೆ ಎಷ್ಟು ಕಾಲದಿಂದ ಇದೆ ಎನ್ನುವುದಕ್ಕೆ ಬೇರೆ ಅಂಕ. ಒಟ್ಟು ಇಪ್ಪತ್ತರಲ್ಲಿ ಏಳು ಬಂದರೆ ಶೇಕಡಾ 40ರ ಗೆರೆ ಮುಟ್ಟುತ್ತದೆ. ನೋಡಿ, ಈ ನಾಲ್ಕೂ ಮನೆಯವರಿಗೆ ಮಾತ್ರ ಗೊತ್ತಿರುವ ವಿಷಯ. ವಾರಗಟ್ಟಲೆ ಸ್ನಾನ ಮಾಡದವನನ್ನು ಬೋರ್ಡಿನ ದಿನ ಅಮ್ಮ ಮೀಯಿಸಿ, ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿ ಕರೆದುಕೊಂಡು ಹೋಗುತ್ತಾಳೆ. ತಾಯಿ ಬೇರೇನು ಮಾಡಿಯಾಳು! ಹಾಗಾಗಿ ಮನೆಯವರು ಒಳಗೆ ಜೊತೆಗಿರಬೇಕು, ಅವರ ಮಾತನ್ನು ಕೇಳಬೇಕು ಎಂದು ಮೊದಲೇ ವಿನಂತಿಸಿ.

ಇನ್ನು ಮೇಲ್ಮನವಿ. ಕಾಯ್ದೆಯ 59ನೆಯ ಕಲಮಿನ ಪ್ರಕಾರ ಪ್ರಮಾಣಪತ್ರದ ತೀರ್ಮಾನ ಒಪ್ಪಿಗೆಯಾಗದವರು ರಾಜ್ಯ ಸರಕಾರ ಗೊತ್ತುಮಾಡಿದ ಮೇಲ್ಮನವಿ ಪ್ರಾಧಿಕಾರದ ಮುಂದೆ ಹೋಗಬಹುದು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು, ಬಾಯಲ್ಲಿ ಇಲ್ಲ ಎಂದು ಕಳಿಸುವ ಹಾಗಿಲ್ಲ. ಯಾವುದೇ ಕಚೇರಿಯಲ್ಲಿ ಇಲ್ಲ ಎಂದಾಗ ಸ್ನೇಹಿತನಾದವನು ಜಗಳ ಮಾಡಬೇಕಾಗಿಲ್ಲ. "ಇದನ್ನೇ ಬರೆದುಕೊಡಿ" ಎಂದು ಕೇಳಬೇಕು. ಪತ್ರ ಕೈಗೆ ಬಂದ ತಾರೀಕನ್ನು ಅದರ ಮೇಲೇ ಬರೆದಿಡಿ, ಅಂಚೆಯಲ್ಲಿ ಬಂದಿದ್ದರೆ ಲಕೋಟೆಯನ್ನು ಎಸೆಯಬೇಡಿ. ಮೇಲ್ಮನವಿಯ ಗಡುವು ಎಷ್ಟು, ಯಾರಿಗೆ ಕೊಡಬೇಕು ಎಂದು ವಿದ್ಯಾನಗರದ ಕಲೆಕ್ಟರೇಟಿಗೆ ಹೋದಾಗ ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿಯಲ್ಲಿ ವಿಚಾರಿಸಿ.

ಮೇಲ್ಮನವಿ ಒಂದು ಪುಟ ಸಾಕು. ಸಿಟ್ಟು ಬೇಡ, ಗೋಗರೆಯುವುದೂ ಬೇಡ. ಬೋರ್ಡು ಕಂಡದ್ದು ಇದು, ಅದು ಕಾಣಲಾಗದೆ ಹೋದದ್ದು ಇದು, ಅದಕ್ಕೆ ಆಧಾರ ಈ ಪತ್ರ, ಮರುಪರೀಕ್ಷೆ ಆಗಬೇಕು. ಗೆಳೆಯನದ್ದು ಹೀಗಿತ್ತು: "ನನ್ನನ್ನು ಪರೀಕ್ಷಿಸಿದ್ದು ಮಾತ್ರೆಯ ಪ್ರಭಾವ ಇದ್ದ ಹೊತ್ತಿನಲ್ಲಿ. ದಿನದ ಉಳಿದ ಹೊತ್ತಿನ ಸ್ಥಿತಿ ತಜ್ಞರ ಪತ್ರದಲ್ಲಿದೆ." ಇದರಲ್ಲಿ ಯಾರ ಮೇಲೂ ಆರೋಪ ಇಲ್ಲ. ಅಧಿಕಾರಿಗೆ ಹಿಂದಿನವರನ್ನು ತಪ್ಪಿತಸ್ಥರು ಎನ್ನದೆಯೇ ಬೇರೆ ತೀರ್ಮಾನ ಮಾಡಲು ದಾರಿ ಇರಬೇಕು. ಕಚೇರಿಯ ಒಳಗಿದ್ದವನಾದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಮರುಪರೀಕ್ಷೆಯಲ್ಲಿ ಅವನು ನಲವತ್ತರ ಗೆರೆ ದಾಟಿದ.

ಕಡತದಲ್ಲಿ ಏನು ಬರೆದಿದ್ದಾರೆ ಎಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ತನ್ನದೇ ಪರೀಕ್ಷೆಯ ಹಾಳೆಯ ಪ್ರತಿ ಕೇಳಬಹುದು. ವಕೀಲರು ಬೇಕೆನಿಸಿದರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಲ್ಲಿ ಅಂಗವಿಕಲರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ.

ಭಾಷೆಯ ವಿಷಯ. ಸಂವಿಧಾನದ 350ನೆಯ ವಿಧಿ ಹೇಳುತ್ತದೆ, ಅಹವಾಲನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸಬಹುದು. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ, ನಮ್ಮ ಭಾಷೆಯೂ ಇಲ್ಲೇ ಇದೆ. ಕನ್ನಡದಲ್ಲಿ ಅರ್ಜಿ ಕೊಡಿ. ಕನ್ನಡ ಓದಲಾರದ ಅಧಿಕಾರಿಗೆ ಅನುಕೂಲವಾಗಲಿ ಎಂದು ಜೊತೆಗೆ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಅರ್ಧ ಪುಟದ ಸಾರ ಇಟ್ಟರೆ ಕೆಲಸ ಬೇಗ ಆಗುತ್ತದೆ. ಆದರೆ ಓದಲಾಗದ ನಮೂನೆಗೆ ರುಜು ಹಾಕಬೇಡಿ. ನಮ್ಮ ಎಷ್ಟೋ ಅಮ್ಮಂದಿರು ಮಲಯಾಳದ ಹಾಳೆಯ ಕೊನೆಗೆ, ತೋರಿಸಿದ ಜಾಗದಲ್ಲಿ, ಕನ್ನಡದಲ್ಲಿ ಹೆಸರು ಬರೆದು ಬರುತ್ತಾರೆ. ಅದರಲ್ಲಿ ಬೇರೆ ವರಮಾನ ಇಲ್ಲ, ಬೇರೆ ಪೆನ್ಶನ್ ಇಲ್ಲ ಎಂಬ ಘೋಷಣೆ ಇರುತ್ತದೆ. ತಪ್ಪಾದರೆ ಪಡೆದ ಹಣ ಮರಳಿ ಕಟ್ಟಬೇಕಾಗುತ್ತದೆ. ಓದಿ ಹೇಳುವುದು ಜೊತೆಗೆ ಹೋದ ಸ್ನೇಹಿತನ ಮೊದಲ ಕೆಲಸ. ಬೋರ್ಡಿನ ದಿನವೂ ಮಲಯಾಳ ಚೆನ್ನಾಗಿ ಬಲ್ಲ ಒಬ್ಬರು ಜೊತೆಗಿರಲಿ.

ತಿರಸ್ಕಾರ ಆದ ಮೇಲೂ ಕೇಳುತ್ತಲೇ ಇರುವುದು ಏನು ಎಂದು ಈ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಎಂಬ ಊರುಗಳಲ್ಲಿ ಅದರಿಂದ ನರಳಿದ ಮನೆಗಳನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ಐದು ವರ್ಷವಾದರೂ ಹೆಚ್ಚಿನವರಿಗೆ ತಲುಪಲಿಲ್ಲ. ಎಂಟು ಮಂದಿ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಮೇಲೆ ಆ ಎಂಟು ಮಂದಿಗೆ ಹಣ ಸಿಕ್ಕಿತು. 2022ರ ಮೇ ತಿಂಗಳಲ್ಲಿ ನ್ಯಾಯಾಲಯ ಆ ವಿಳಂಬವನ್ನು ಕಟುವಾಗಿ ಟೀಕಿಸಿ, ಅವರಿಗೆ ತಲಾ 50,000 ರೂಪಾಯಿ ಖರ್ಚು ಕೊಡಿಸಿ, ಉಳಿದವರಿಗೂ ಹಣ ತಲುಪುವಂತೆ ನೋಡಿಕೊಳ್ಳಲು ಮುಖ್ಯ ಕಾರ್ಯದರ್ಶಿಗೆ ಹೇಳಿತು. ದೇಶದ ಅತಿ ದೊಡ್ಡ ನ್ಯಾಯಾಲಯದ ಆದೇಶ ಕೈಯಲ್ಲಿದ್ದವರೇ ಮತ್ತೊಮ್ಮೆ ಬಾಗಿಲು ಬಡಿಯಬೇಕಾಯಿತು. ಇದು ನನಗೆ ಈಗಲೂ ಸಹಿಸಲಾಗದ ಸಂಗತಿ. ಹಾಸಿಗೆಯಲ್ಲಿರುವ ಮಗುವನ್ನು ಬಿಟ್ಟು ಕಚೇರಿ ಅಲೆಯಲು ಆ ತಾಯಂದಿರಿಗೆ ಸಾಧ್ಯವಾದದ್ದು, ಅಷ್ಟು ಹೊತ್ತು ಮಗುವಿನ ಹತ್ತಿರ ಕೂತ ನೆರೆಯವರು ಇದ್ದುದರಿಂದ.

ಪೆನ್ಶನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೇರಳದಲ್ಲಿ ಶೇಕಡಾ 40 ಇದ್ದು, ಕುಟುಂಬದ ವಾರ್ಷಿಕ ವರಮಾನ ಒಂದು ಲಕ್ಷದೊಳಗೆ ಇದ್ದರೆ ಪಂಚಾಯತಿನಲ್ಲಿ ಅರ್ಜಿ. ತಿಂಗಳಿಗೆ 1,600 ರೂಪಾಯಿ ಇದ್ದದ್ದು 2025ರ ನವೆಂಬರಿನಿಂದ 2,000 ಆಗಿದೆ. ವರಮಾನದ ಪತ್ರ ವಿಲ್ಲೇಜ್ ಆಫೀಸಿನಿಂದ. ಪೆನ್ಶನ್ ಪಡೆಯುವವರು ಬದುಕಿದ್ದಾರೆಂದು ದಾಖಲಿಸುವ ಮಸ್ಟರಿಂಗ್ ತಪ್ಪಿದರೆ ಪೆನ್ಶನ್ ನಿಲ್ಲುತ್ತದೆ, ಎದ್ದು ಹೋಗಲಾಗದವರಿದ್ದರೆ ಅಕ್ಷಯ ಕೇಂದ್ರದವರನ್ನು ಮನೆಗೆ ಕರೆಸಿ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಇದೆ. ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಅದರ ಅವಧಿ ಮುಗಿಯುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಕೈ ನಡುಗಿ ರುಜು ಬದಲಾದವರಿಗೆ ಬ್ಯಾಂಕು ಹಣ ಕೊಡಲು ತಕರಾರು ಮಾಡುವುದುಂಟು. ಕಾಯಿಲೆಯವರ ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳ ಎದುರು, ಅದರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಸಿಬ್ಬಂದಿಯಾಗಿದ್ದರೆ, ಸ್ವೀಕರಿಸಬಹುದೆಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಅದನ್ನು ಕೇಳಿ.

ಸಹಾಯಕ್ಕೆ ಹೋಗುವವರಲ್ಲಿ ಒಂದು ವಿನಂತಿ. ಆಧಾರಿಗೆ ಜೋಡಿಸುವ ಮೊಬೈಲ್ ನಂಬರು ಕಾಯಿಲೆಯವರದ್ದೋ ಮನೆಯವರದ್ದೋ ಆಗಿರಲಿ, ನಿಮ್ಮದು ಬೇಡ. ಮೂಲ ಕಾಗದಗಳು ಅವರ ಮನೆಯಲ್ಲೇ ಇರಲಿ, ನಿಮ್ಮ ಹತ್ತಿರ ಪ್ರತಿ ಮಾತ್ರ. ಕಚೇರಿಯಲ್ಲಿ ಪ್ರಶ್ನೆ ಕೇಳಿದಾಗ ಮೊದಲು ಅವರು ಉತ್ತರಿಸಲಿ. ಪಾರ್ಕಿನ್ಸನ್ ಇರುವವರಿಗೆ ಮಾತು ಹೊರಡಲು ಹೊತ್ತು ಹಿಡಿಯುತ್ತದೆ, ಆ ಮೌನವನ್ನು ನೀವು ತುಂಬಬೇಡಿ. ಅವರು ಬೇಡ ಎಂದ ದಿನ ನಿಲ್ಲಿಸಿ. ಗೆಳೆಯ ನಡುವೆ ಒಮ್ಮೆ, ಸಾಕು ಮಾರಾಯ, ಕಾಗದ ನೋಡಿದರೆ ಹೊಟ್ಟೆ ತೊಳಸುತ್ತದೆ ಎಂದ. ಕೆಲವು ವಾರ ನಾವು ಕಾಗದದ ಸುದ್ದಿ ಎತ್ತಲಿಲ್ಲ. ಗಡುವು ಇಲ್ಲದ ಕೆಲಸವನ್ನು ಬದಿಗಿಟ್ಟೆ, ಗಡುವು ಇದ್ದದ್ದಕ್ಕೆ ಮಾತ್ರ ಒಂದು ರುಜು ಕೇಳಿದೆ. ಅವನ ಹೆಂಡತಿಗೆ ಒಂದು ಮಧ್ಯಾಹ್ನ ತವರಿಗೆ ಹೋಗಿ ಬರಲು ಆಗುವ ಹಾಗೆ ಅವನ ಜೊತೆ ಕೂತದ್ದು, ಬರೆದ ಅರ್ಜಿಗಳಷ್ಟೇ ಉಪಯೋಗಕ್ಕೆ ಬಂತು ಎಂದು ಅವರೇ ಹೇಳಿದರು.

ಇಲ್ಲಿಗೆ ನಿಲ್ಲಿಸುತ್ತೇನೆ. ಕೆಲವರು ಕಾಗದಗಳನ್ನು ತಂದಿದ್ದೀರಿ, ಕಾಣುತ್ತಿದೆ. ಒಬ್ಬೊಬ್ಬರದ್ದನ್ನೇ ನೋಡೋಣ. ಹೊಸ ಅರ್ಜಿಯವರು ಸ್ವಲ್ಪ ಕಾದರೂ ಆದೀತು. ತಿರಸ್ಕಾರದ ಪತ್ರ ಕೈಯಲ್ಲಿ ಇರುವವರು ಮೊದಲು ಬನ್ನಿ, ನಿಮಗೆ ಗಡುವಿನ ದಿನ ಓಡುತ್ತಿದೆ.